ಆನ್‌ಲೈನ್ ಥೆರಪಿ: ಕೊಡಗಿನಲ್ಲಿ ಕೂತು ಯಾರಾದರೂ ತಗೊಂಡಿದ್ದೀರಾ?

ಕಕ್ಕಡಮಳೆ (ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲಿ ಮನೆ ಹೆಸರು ಹೇಳಿದರೆ ಮುಗಿಯಿತು, ಅಜ್ಜನ ಕಾಲದವರೆಗೆ ಲೆಕ್ಕ ಹಾಕುತ್ತಾರೆ.

ಕೆಲವು ತಿಂಗಳಿಂದ ನಿದ್ದೆ ಸರಿಯಿಲ್ಲ. ಒಂದೊಂದು ಸಲ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಇಸಿಜಿ ಮಾಡಿಸಿದೆ. ಹೃದಯ ಚೆನ್ನಾಗಿದೆ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಅಂದರು. ಹೇಗೆ ಕಮ್ಮಿ ಮಾಡಿಕೊಳ್ಳುವುದು ಅಂತ ಮಾತ್ರ ಹೇಳಲಿಲ್ಲ. ಮನೆಯಲ್ಲಿ ದೊಡ್ಡ ಜಗಳ ಏನೂ ಇಲ್ಲ. ಗಂಡ ಒಳ್ಳೆಯವರೇ. ಆದರೆ ತೋಟ, ಹೋಂಸ್ಟೇ, ಬ್ಯಾಂಕ್ ಸಾಲ ಬಿಟ್ಟರೆ ನಮ್ಮಿಬ್ಬರ ನಡುವೆ ಮಾತೇ ಇಲ್ಲ. ಅತ್ತೆಗೆ ನಾನು ಮಾಡಿದ್ದು ಯಾವುದೂ ಸರಿ ಕಾಣುವುದಿಲ್ಲ. ಮಳೆ ಜೋರಾದರೆ 2018ರ ಗುಡ್ಡ ಕುಸಿತ ನೆನಪಾಗುತ್ತದೆ. ಮನೆ ಹಿಂದಿನ ಬರೆಯ (ಕಡಿದಾದ ಗುಡ್ಡದ ಬದಿಯ) ಕಡೆಗೇ ಕಿವಿ ಇಟ್ಟು ಮಲಗುತ್ತೇನೆ.

ಮಡಿಕೇರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ, ಗೊತ್ತು. ಆದರೆ ಆ ಬಾಗಿಲ ಮುಂದೆ ಕೂತರೆ ಪರಿಚಯದವರು ಸಿಕ್ಕೇ ಸಿಗುತ್ತಾರೆ. ನಾನು ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಅದಕ್ಕೇ ಆನ್‌ಲೈನ್ ಯೋಚನೆ. ಫೋನಿನಲ್ಲಿ ಮಾತಾಡಿದರೆ ನಿಜವಾಗಿ ಗುಣ ಕಾಣುತ್ತದಾ? ಎಷ್ಟು ಖರ್ಚು? ಯಾರು ಅಸಲಿ, ಯಾರು ನಕಲಿ ಅಂತ ತಿಳಿಯುವುದು ಹೇಗೆ? ಇನ್ನೊಂದು ತಮಾಷೆ ಏನೆಂದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಅಳುವುದು ಹೇಗೆ ಹೇಳಿ!

ಸೋಮವಾರಪೇಟೆ_ಹುಡುಗ

ನಾನು ತಗೊಂಡಿದ್ದೇನೆ. ಬೆಂಗಳೂರಿನ ಕಂಪನಿ ಕೆಲಸ, ಮನೆಯಿಂದಲೇ. ನಿಮ್ಮ ಹಾಗೆಯೇ ಎದೆ ಬಡಿತ ಶುರುವಾಯಿತು. ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು.

ಥೆರಪಿಸ್ಟ್ ಮೊದಲು ಮಾಡಿದ ಕೆಲಸ ಸಮಾಧಾನ ಹೇಳುವುದಲ್ಲ, ವಿವರಿಸುವುದು. ಅಪಾಯ ಇಲ್ಲದಿದ್ದರೂ ಮೈ ಅಪಾಯದ ಗಂಟೆ ಬಾರಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ಏರುವಷ್ಟು ಏರಿ ತಾನೇ ಇಳಿಯುತ್ತದೆ. ನಾವು ಅದಕ್ಕೆ ಹೆದರಿ ಓಡಿದರೆ ಮುಂದಿನ ಸಲ ಇನ್ನೂ ಬೇಗ ಬಾರಿಸುತ್ತದೆ. ಆಮೇಲೆ ಹೋಂವರ್ಕ್ ಕೊಟ್ಟರು. ಭಯ ಬಂದಾಗ ತಲೆಯಲ್ಲಿ ಏನು ಓಡಿತು ಅಂತ ಬರೆದಿಡಬೇಕು. ಮೆಟ್ಟಿಲು ಓಡಿ ಹತ್ತಿ, ಬೇಕಂತಲೇ ಎದೆ ಬಡಿತ ಏರಿಸಿಕೊಂಡು, ಅದು ಇಳಿಯುವವರೆಗೆ ಸುಮ್ನೆ ನಿಂತಿರಬೇಕು. ಹುಚ್ಚಾಟ ಅನ್ನಿಸಿತು. ಆದರೆ ಮಾಡುತ್ತಾ ಮಾಡುತ್ತಾ ಎದೆ ಬಡಿತಕ್ಕೂ ಸಾವಿಗೂ ಸಂಬಂಧ ಇಲ್ಲ ಅಂತ ಮೈಗೇ ಅರ್ಥವಾಯಿತು. ಇದಕ್ಕೆ ಸಿಬಿಟಿ ಅನ್ನುತ್ತಾರೆ, ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಯೋಚನೆ, ನಡವಳಿಕೆ ಬದಲಿಸುವ ಥೆರಪಿ ಅಂತ.

ನಾನು ಕಾರು ಓಡಿಸುವುದನ್ನೇ ಬಿಟ್ಟಿದ್ದೆ. ಮೊದಲು ಪೇಟೆಯೊಳಗೆ, ಆಮೇಲೆ ಕುಶಾಲನಗರದವರೆಗೆ, ಹೀಗೆ ಹಂತ ಹಂತವಾಗಿ ಮತ್ತೆ ಶುರು ಮಾಡಿಸಿದರು. ಆನೆಕಾಡು ದಾಟುವಾಗ ಈಗಲೂ ಹೆದರುತ್ತೇನೆ. ಅದು ಬೇರೆ ಭಯ, ಅಲ್ಲಿ ನಿಜವಾಗಿ ಆನೆ ಇರುತ್ತದೆ.

ಖರ್ಚು: ನಾನು ವಿಚಾರಿಸಿದಾಗ ಒಂದು ಸೆಷನ್ನಿಗೆ ಎಂಟುನೂರರಿಂದ ಎರಡೂವರೆ ಸಾವಿರದವರೆಗೆ ಹೇಳಿದರು. ಸುಮಾರು 50 ನಿಮಿಷ, ವಾರಕ್ಕೊಮ್ಮೆ. ಕಮ್ಮಿ ಮಾಡಿ ಅಂತ ಕೇಳಬಹುದು. ಕೆಲವರು ಆದಾಯ ನೋಡಿ ಬಿಡುತ್ತಾರೆ.

ಹಳೇ_ಸುಬೇದಾರ್

ತಂಗಿ, ತಪ್ಪು ತಿಳಿಯಬೇಡ. ನಮ್ಮ ಕಾಲದಲ್ಲಿ ಮನಸ್ಸು ಸರಿಯಿಲ್ಲದಿದ್ದರೆ ಒಕ್ಕದ, ಅಂದರೆ ಮನೆತನದ, ಹಿರಿಯರ ಹತ್ತಿರ ಹೇಳುತ್ತಿದ್ದೆವು. ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಮನೆತನದ ಮೂಲಮನೆಯಲ್ಲಿ) ಎಲ್ಲರೂ ಸೇರಿದಾಗ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಬೆಳಿಗ್ಗೆ ನಡೆ, ಸಂಜೆ ಬೇಗ ಮಲಗು. ಮುಖ ನೋಡದ ಯಾರಿಗೋ ಗಂಟೆಗೆ ಎರಡು ಸಾವಿರ ಕೊಟ್ಟು ಮನೆ ಗುಟ್ಟು ಹೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಪೊನ್ನಂಪೇಟೆ_ಅಕ್ಕ

ಸುಬೇದಾರರೇ, ಆ ಹಿರಿಯರ ಹತ್ತಿರ ಸೊಸೆಯರು ಏನು ಹೇಳಿಕೊಳ್ಳುತ್ತಿದ್ದರು ಅಂತ ಯಾವತ್ತಾದರೂ ಕೇಳಿದ್ದೀರಾ? ಅರ್ಧ ಜಗಳ ಮುಗಿಯುತ್ತಿತ್ತು, ಸರಿ. ಉಳಿದರ್ಧ ಅಡುಗೆಮನೆಯಲ್ಲಿ ಉಳಿಯುತ್ತಿತ್ತು. ಒಕ್ಕದವರಿಗೆ ಹೇಳುವ ವಿಷಯ ಬೇರೆ. ಒಕ್ಕದವರ ಬಗ್ಗೆಯೇ ಹೇಳಬೇಕಾದ ವಿಷಯ ಬೇರೆ. ಎರಡನೆಯದಕ್ಕೆ ಹೊರಗಿನವರೇ ಬೇಕು.

ನಡೆಯುವುದು, ಬೇಗ ಮಲಗುವುದು ಒಳ್ಳೆಯದೇ. ಅದನ್ನು ಯಾವ ಥೆರಪಿಸ್ಟೂ ಬೇಡ ಅನ್ನುವುದಿಲ್ಲ.

ಜಾಗದ ವಿಷಯಕ್ಕೆ ಬರೋಣ. ನಾನು ಜೀಪಿನಲ್ಲಿ ಕೂತು ಮಾತಾಡುತ್ತೇನೆ. ಗೋಣಿಕೊಪ್ಪಕ್ಕೆ ಸಾಮಾನು ತರಲು ಹೋದಾಗ ನೆಟ್‌ವರ್ಕ್ ಇರುವ ಕಡೆ ಪಕ್ಕಕ್ಕೆ ನಿಲ್ಲಿಸಿ, ಕಿಟಕಿ ಏರಿಸಿ, ಇಯರ್‌ಫೋನ್ ಹಾಕಿಕೊಂಡರೆ ಆಯಿತು. ಯಾರಾದರೂ ಕಂಡರೂ ಫೋನಿನಲ್ಲಿ ಮಾತಾಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಅಷ್ಟೇ. ವಿಡಿಯೋನೇ ಬೇಕು ಅಂತಿಲ್ಲ. ಮಳೆಗಾಲದಲ್ಲಿ ನಾನು ಬರೀ ವಾಯ್ಸ್ ಕಾಲ್. ಕರೆಂಟ್ ಹೋಗಿ ಟವರ್ ಕೂಡ ಸತ್ತರೆ ಏನು ಮಾಡುವುದು ಅಂತ ಮೊದಲ ದಿನವೇ ಮಾತಾಡಿಕೊಳ್ಳಿ. ಕರೆ ಕಟ್ಟಾದರೆ ಯಾರು ಮತ್ತೆ ಮಾಡಬೇಕು, ದುಡ್ಡು ಹೋಗುತ್ತದಾ, ಇನ್ನೊಂದು ದಿನ ಕೊಡುತ್ತಾರಾ. ಇದೆಲ್ಲ ಬೆಂಗಳೂರಿನವರಿಗೆ ಹೊಳೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲ ಅಂದರೆ ನಂಬುವುದೂ ಇಲ್ಲ.

ಮನೆಯೊಳಗೇ ಮಾತಾಡಬೇಕಾದರೆ ತಗಡಿನ ಮಾಡಿನ ಕೆಳಗೆ ಜೋರು ಮಳೆ ಬರುವ ಹೊತ್ತು ಒಳ್ಳೆಯದು. ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಥೆರಪಿಸ್ಟಿಗೂ ಕೇಳಿಸುವುದಿಲ್ಲ, ಅದು ಬೇರೆ ಮಾತು.

ಮನೋಜ್ಞೆ_ಮೈಸೂರು

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ತವರು ಸುಂಟಿಕೊಪ್ಪ, ಕೆಲಸ ಮೈಸೂರಿನಲ್ಲಿ. ಇಲ್ಲಿ ಯಾರನ್ನೂ ನೋಡುವುದಿಲ್ಲ, ಗಿರಾಕಿ ಹುಡುಕಲು ಬಂದಿಲ್ಲ. ಕೆಲವು ವಿಷಯ ಗೊಂದಲವಾಗುವುದು ಬೇಡ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಮೊದಲು ಯಾರು ಯಾರು ಅಂತ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವಂತಿಲ್ಲ. ನಮ್ಮ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ. ನಂಬರ್ ಕೇಳಿ, ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ. ಇನ್ನು ಕೌನ್ಸೆಲರ್ ಅನ್ನುವ ಹೆಸರು. ಸಮಸ್ಯೆ ಇರುವುದು ಇಲ್ಲೇ. ಎರಡು ವರ್ಷ ಎಂಎಸ್ಸಿ ಓದಿ ಹಿರಿಯರ ಕೈಕೆಳಗೆ ಪಳಗಿದವರೂ ಅದನ್ನೇ ಹಾಕಿಕೊಳ್ಳುತ್ತಾರೆ, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಅದನ್ನೇ. 2021ರ ಅಲೈಡ್ ಹೆಲ್ತ್‌ಕೇರ್ ಕಾನೂನು ಇವರನ್ನೂ ನೋಂದಣಿಗೆ ತರುವ ಏರ್ಪಾಡು ಮಾಡಿದೆ. ನೀವು ಮಾತ್ರ ಏನು ಓದಿದ್ದೀರಿ, ಎಲ್ಲಿ ತರಬೇತಿ, ಈಗ ನಿಮ್ಮ ಕೇಸುಗಳನ್ನು ಯಾರ ಜೊತೆ ಚರ್ಚಿಸುತ್ತೀರಿ ಅಂತ ನೇರವಾಗಿ ಕೇಳಿಬಿಡಿ.

ಆನ್‌ಲೈನ್‌ನಲ್ಲಿ ಗುಣ ಇದೆಯಾ? ಆತಂಕ, ಪ್ಯಾನಿಕ್ (ಇದ್ದಕ್ಕಿದ್ದಂತೆ ಏರುವ ತೀವ್ರ ಭಯ), ಸಾಧಾರಣ ಮಟ್ಟದ ಖಿನ್ನತೆಗೆ ಇದೆ. ಸ್ವೀಡನ್, ಆಸ್ಟ್ರೇಲಿಯಾಗಳಲ್ಲಿ ಇಂಟರ್ನೆಟ್ ಮೂಲಕ ಸಿಬಿಟಿ ಕೊಟ್ಟು ಎರಡು ದಶಕಕ್ಕಿಂತ ಜಾಸ್ತಿ ಕಾಲದಿಂದ ಪರೀಕ್ಷೆ ಮಾಡಿದ್ದಾರೆ. ಥೆರಪಿಸ್ಟ್ ಒಬ್ಬರು ಜೊತೆಗಿದ್ದು ನಡೆಸಿದರೆ ಎದುರು ಕೂತು ಮಾಡಿದ್ದಕ್ಕೆ ಸರಿಸಮ ಫಲ ಬರುತ್ತದೆ ಅಂತಲೇ ಮತ್ತೆ ಮತ್ತೆ ಕಂಡಿದೆ. ಯಾರೂ ಜೊತೆಗಿಲ್ಲದೆ ಆ್ಯಪ್ ಮಾತ್ರ ಇಟ್ಟುಕೊಂಡರೆ ಜನ ಅರ್ಧಕ್ಕೇ ಬಿಡುತ್ತಾರೆ.

ಯಾವುದಕ್ಕೆ ಫೋನ್ ಸಾಲದು? ಸಾಯುವ ಯೋಚನೆ ಗಟ್ಟಿಯಾಗಿ ಬರುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಊಟ ನಿದ್ದೆ ಪೂರ್ತಿ ನಿಂತಿದ್ದರೆ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಒಳ್ಳೆಯ ಥೆರಪಿಸ್ಟ್ ಮೊದಲ ದಿನವೇ ನಿಮ್ಮ ವಿಳಾಸ, ತುರ್ತಿಗೆ ಒಬ್ಬರ ಫೋನ್ ನಂಬರ್ ಕೇಳುತ್ತಾರೆ. ಕಿರಿಕಿರಿ ಅನ್ನಿಸಿದರೂ ಕೊಡಿ. ನೂರಾರು ಕಿಲೋಮೀಟರ್ ದೂರದಲ್ಲಿ ಕೂತವರಿಗೆ ಬೇರೆ ದಾರಿ ಇಲ್ಲ.

ಕಕ್ಕಡಮಳೆ ಅವರಿಗೆ ಎರಡು ಮಾತು. ಇಸಿಜಿ ಆಯಿತು, ಸರಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಥೈರಾಯ್ಡ್ ಜಾಸ್ತಿಯಾದರೂ ರಕ್ತ ಕಮ್ಮಿಯಾದರೂ ಹೀಗೇ ಎದೆ ಹೊಡೆದುಕೊಳ್ಳುತ್ತದೆ. ದಿನಕ್ಕೆ ಎಷ್ಟು ಲೋಟ ಕಾಫಿ ಅಂತಲೂ ಲೆಕ್ಕ ಹಾಕಿ. ತೋಟದ ಮನೆಯವರಿಗೆ ಇದನ್ನು ಹೇಳಲು ನನಗೂ ಕಷ್ಟವೇ.

ಎರಡನೆಯದು ಮಳೆಯ ಭಯ. ಅದನ್ನು ಬರೀ ಯೋಚನೆಯ ದೋಷ ಅಂತ ಯಾರಾದರೂ ತಳ್ಳಿಹಾಕಿದರೆ ಅವರಿಗೆ ನಮ್ಮ ಊರು ಗೊತ್ತಿಲ್ಲ ಅಂತ ತಿಳಿಯಿರಿ. 2018ರಲ್ಲಿ ಜೋಡುಪಾಲ, ಮಕ್ಕಂದೂರು. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ಆಗಸ್ಟ್ ಸಾಲಾಗಿ ಗುಡ್ಡ ಕುಸಿದ ಜಿಲ್ಲೆಯಲ್ಲಿ ಬರೆಯ ಕಡೆ ಕಿವಿ ಇಡುವುದು ಕಾಯಿಲೆ ಅಲ್ಲ. ಕೆಲಸ ಇರುವುದು ಅದನ್ನು ಎರಡು ಪಾಲು ಮಾಡುವುದರಲ್ಲಿ. ಒಂದು ಪಾಲಿಗೆ ಮಾಡಬೇಕಾದದ್ದು ಇದೆ: ಕಾಗದ ಪತ್ರ ಒಂದು ಚೀಲದಲ್ಲಿ, ರೆಡ್ ಅಲರ್ಟ್ ಬಂದರೆ ಯಾರ ಮನೆಗೆ ಹೋಗುವುದು ಅಂತ ಮೊದಲೇ ತೀರ್ಮಾನ, ಬರೆಯಲ್ಲಿ ಬಿರುಕು ಬಿಟ್ಟಿದೆಯಾ, ಹೊಸದಾಗಿ ನೀರು ಜಿನುಗುತ್ತಿದೆಯಾ ಅಂತ ಹಗಲಿನಲ್ಲಿ ನೋಡುವುದು. ಇದೆಲ್ಲ ಆದ ಮೇಲೂ ರಾತ್ರಿ ಎರಡು ಗಂಟೆಗೆ ತಲೆಯೊಳಗೆ ಗುಡ್ಡ ಕುಸಿಯುತ್ತಿದ್ದರೆ, ಥೆರಪಿ ಬೇಕಿರುವುದು ಆ ಪಾಲಿಗೆ. ಥೆರಪಿಸ್ಟ್ ಹುಡುಕುವಾಗ ಮಲೆನಾಡು, ಕೊಡಗು ಕಡೆಯವರಾ ಅಂತ ಕೇಳಿ ನೋಡಿ. ಸಿಗದಿದ್ದರೂ ಪರವಾಗಿಲ್ಲ. ಆದರೆ ನಿಮ್ಮ ಊರಿನ ಬಗ್ಗೆ ಕೇಳಿ ತಿಳಿಯುವ ತಾಳ್ಮೆ ಇರುವವರೇ ಬೇಕು.

ವಿರಾಜಪೇಟೆ_ಮೆಣಸು

ಕಹಿ ಅನುಭವ ನನ್ನದೂ ಇರಲಿ. ಒಂದು ಆ್ಯಪ್‌ನಲ್ಲಿ ಪ್ಯಾಕೇಜ್ ತಗೊಂಡೆ, ದುಡ್ಡು ಮೊದಲೇ ಕಟ್ಟಬೇಕಿತ್ತು. ಕನ್ನಡ ಬರುವವರು ಇದ್ದಾರೆ ಅಂದಿದ್ದರು. ಮೊದಲ ಸಲ ಸಿಕ್ಕವರಿಗೆ ಕನ್ನಡ ಬರುತ್ತಿತ್ತು. ಮುಂದಿನ ಸಲ ಬೇರೆಯವರು, ಹಿಂದಿ ಇಂಗ್ಲಿಷ್ ಮಾತ್ರ. ನನ್ನ ಕಥೆ ಮತ್ತೆ ಮೊದಲಿಂದ. ಕೇಳಿದರೆ ಅವರು ಕೆಲಸ ಬಿಟ್ಟರು ಅಂದರು, ದುಡ್ಡು ವಾಪಸ್ ಬರಲಿಲ್ಲ. ಕಂಪನಿ ಹೆಸರು ಬೇಡ ಬಿಡಿ. ಹಾಗಾಗಿ ಪ್ಯಾಕೇಜ್ ಬೇಡ, ಒಂದೊಂದೇ ಸೆಷನ್ನಿಗೆ ದುಡ್ಡು ಕಟ್ಟಿ. ಆ್ಯಪ್‌ಗಿಂತ ಒಬ್ಬ ವ್ಯಕ್ತಿಯನ್ನು ಹುಡುಕುವುದು ಮೇಲು.

ಗುಟ್ಟಿನ ಬಗ್ಗೆಯೂ ಒಂದು ವಿಷಯ. ಬೆಟರ್‌ಹೆಲ್ಪ್ ಅಂತ ಅಮೆರಿಕದ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಇದೆ. ಜನರ ಇಮೇಲ್, ಆರೋಗ್ಯದ ಪ್ರಶ್ನೆಗಳಿಗೆ ಕೊಟ್ಟ ಉತ್ತರದಂಥ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವರಿಗೆ ಕೊಟ್ಟಿತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕ್ರಮ ತಗೊಂಡಿತು. 78 ಲಕ್ಷ ಡಾಲರ್ ಕಟ್ಟಲು ಒಪ್ಪಿ ಇತ್ಯರ್ಥ ಮಾಡಿಕೊಂಡರು. ನಮ್ಮಲ್ಲೂ 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು. ಆದರೂ ಆ್ಯಪ್ ಹಾಕುವಾಗ ಕಾಂಟ್ಯಾಕ್ಟ್ಸ್, ಲೊಕೇಶನ್ ಕೇಳಿದರೆ ಬೇಡ ಅನ್ನಿ. ಪಕ್ಕದ ಮನೆಯವರಿಗೆ ಹೆದರಿ ಆನ್‌ಲೈನ್‌ಗೆ ಹೋಗಿ ಅಲ್ಲಿ ಜಾಹೀರಾತಿನವರ ಕೈಗೆ ಸಿಕ್ಕಿಬೀಳುವುದು ಬೇಡ.

ಸಿದ್ದಾಪುರ_ಆಶಾ

ಎಲ್ಲಾ ಓದಿದೆ. ನೀವೆಲ್ಲ ಸ್ಮಾರ್ಟ್‌ಫೋನ್, ಜೀಪ್ ಇರುವವರು. ನಾನು ಕೆಲಸ ಮಾಡುವುದು ತೋಟದ ಕೂಲಿಯವರ ಲೈನ್‌ಮನೆಗಳ ನಡುವೆ. ಅಲ್ಲೂ ಹೆಂಗಸರಿಗೆ ನಿದ್ದೆ ಇಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಆನೆ ಭಯ, ಸಂಜೆ ಕುಡಿದು ಬರುವ ಗಂಡನ ಭಯ. ಎರಡು ಸಾವಿರ ಅಂದರೆ ಅವರ ವಾರದ ಸಂಬಳದ ದೊಡ್ಡ ಪಾಲು.

ಅದಕ್ಕೇ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಬಗ್ಗೆ ಯಾರೂ ಬರೆಯದಿದ್ದದ್ದು ಆಶ್ಚರ್ಯ. ನಂಬರ್ 14416. ಸರ್ಕಾರದ್ದು, ಪೂರ್ತಿ ಉಚಿತ, ಹಗಲು ರಾತ್ರಿ ಇರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಇಡೀ ದೇಶಕ್ಕೆ ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ನದು. ಕನ್ನಡ, ಮಲಯಾಳಂ, ತಮಿಳು ಎಲ್ಲಾ ಸಿಗುತ್ತದೆ. ಬಟನ್ ಫೋನ್ ಇದ್ದರೂ ಸಾಕು, ಇಂಟರ್ನೆಟ್ ಬೇಡ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ. ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಅಥವಾ ಹತ್ತಿರದ ಆಸ್ಪತ್ರೆ ಹೇಳುತ್ತಾರೆ. ವಾರ ವಾರ ಒಬ್ಬರೇ ಸಿಗುವುದು ಕಷ್ಟ, ಅದು ನಿಜ. ಆದರೆ ಇವತ್ತು ರಾತ್ರಿ ತಡೆಯಲಾಗುತ್ತಿಲ್ಲ ಅಂದರೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಮತ್ತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಯೋಜನೆ ಇದೆ, ಮಾತ್ರೆ ಕೂಡ ಉಚಿತ. ನಿಮ್ಮ ಕಡೆ ಯಾವ ವಾರ ಡಾಕ್ಟರು ಬರುತ್ತಾರೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನೇ ಕೇಳಿ. ನಾವು ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ, ಸತ್ಯವಾಗಿಯೂ.

ಕಕ್ಕಡಮಳೆ

ಇಷ್ಟೆಲ್ಲ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಥೈರಾಯ್ಡ್ ಟೆಸ್ಟಿಗೆ ರಕ್ತ ಕೊಟ್ಟು ಬಂದೆ. ಕಾಫಿ ಲೆಕ್ಕ ಇಲ್ಲಿ ಬರೆಯುವುದಿಲ್ಲ, ನಾಚಿಕೆ.

14416ಕ್ಕೆ ಕಣದ ಮೂಲೆಯಿಂದಲೇ ಮಾಡಿದೆ. ಹುಡುಗಿ ಒಬ್ಬಳು ಮಾತಾಡಿದಳು, ಉತ್ತರ ಕರ್ನಾಟಕದ ಕನ್ನಡ. ಅರ್ಜೆಂಟ್ ಮಾಡಲಿಲ್ಲ. ಉಸಿರಾಟದ ಅಭ್ಯಾಸ ಹೇಳಿಕೊಟ್ಟಳು. ವಾರ ವಾರ ಮಾತಾಡಲು ಮೈಸೂರಿನ ಒಬ್ಬರನ್ನು ಹುಡುಕಿದ್ದೇನೆ. ಆರ್‌ಸಿಐ ನಂಬರ್ ಕೇಳಿದೆ, ತಕ್ಷಣ ಕೊಟ್ಟರು.

ಈಗ ಇನ್ನೊಂದು ಪ್ರಶ್ನೆ. ಗಂಡ ಹೆಂಡತಿ ಇಬ್ಬರೂ ಸೇರಿ ಮಾತಾಡುವ ಥೆರಪಿ ಇದೆಯಂತೆ. ಇವರು ಖಂಡಿತ ಒಪ್ಪುವುದಿಲ್ಲ. ನನಗೇನು ಹುಚ್ಚಾ ಅನ್ನುತ್ತಾರೆ. ಒಬ್ಬಳೇ ಹೋಗಿ ಏನು ಪ್ರಯೋಜನ?

ಪೊನ್ನಂಪೇಟೆ_ಅಕ್ಕ

ನಮ್ಮವರೂ ಅದನ್ನೇ ಅಂದಿದ್ದರು. ನಾನು ಒಬ್ಬಳೇ ಶುರು ಮಾಡಿದೆ. ನಾನು ಜಗಳ ತೆಗೆಯುವ ರೀತಿ ಬದಲಾಯಿತು. ಮೊದಲು ಹತ್ತು ವರ್ಷದ ಲೆಕ್ಕ ಒಟ್ಟಿಗೆ ತೆಗೆಯುತ್ತಿದ್ದೆ. ಈಗ ಇವತ್ತಿನದು ಮಾತ್ರ, ಅದೂ ಅವರ ಊಟ ಆದ ಮೇಲೆ. ಅವರೂ ಬಾಯಿ ಬಿಡಲು ಶುರು ಮಾಡಿದರು. ಸಾಲದ ಭಯ ಅವರಿಗೆ ನನಗಿಂತ ಜಾಸ್ತಿ ಇತ್ತು. ಆಮೇಲೆ ಒಂದು ದಿನ ಅವರೇ ಜೀಪಿನ ಇನ್ನೊಂದು ಸೀಟಿನಲ್ಲಿ ಕೂತರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳುವುದಿಲ್ಲ. ನನ್ನ ತಂಗಿಯ ಮನೆಯಲ್ಲಿ ಆಗಲಿಲ್ಲ.

ಕೊಯ್ಲಿನ ಕಾಲದಲ್ಲಿ ಈ ಮಾತು ತೆಗೆಯಬೇಡಿ. ರೋಬಸ್ಟಾ ಕಾಫಿ ಕಣದಲ್ಲಿ ಒಣಗುತ್ತಿರುವಾಗ ಮೋಡ ಕವಿದರೆ ಯಾವ ಗಂಡಸಿಗೂ ಸಂಸಾರ ನೆನಪಿರುವುದಿಲ್ಲ.

ಮನೋಜ್ಞೆ_ಮೈಸೂರು

ಒಬ್ಬರೇ ಹೋದರೂ ಪ್ರಯೋಜನ ಇದೆ. ಇಬ್ಬರ ನಡುವೆ ಒಂದೇ ರೀತಿ ಸುತ್ತುವ ಜಗಳದಲ್ಲಿ ಒಬ್ಬರು ಹೆಜ್ಜೆ ಬದಲಿಸಿದರೆ ಇನ್ನೊಬ್ಬರು ಹಳೆಯ ಹೆಜ್ಜೆಯನ್ನೇ ಹಾಕಲು ಆಗುವುದಿಲ್ಲ. ಆದರೆ ಒಂದು ಎಚ್ಚರಿಕೆ, ಇದು ಎಲ್ಲರಿಗೂ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಜೋಡಿಯಾಗಿ ಕೂರುವ ಥೆರಪಿ ಬೇಡ. ಸೆಷನ್ನಿನಲ್ಲಿ ಹೆಂಡತಿ ಬಾಯಿಬಿಟ್ಟ ಮಾತಿಗೆ ಮನೆಯಲ್ಲಿ ಶಿಕ್ಷೆ ಆಗುತ್ತದೆ. ಅಂಥ ಕಡೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆನ್‌ಲೈನ್ ಸೆಷನ್ನಿನಲ್ಲಿ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅಂತ ತಿಳಿಸಲು ಒಂದು ಗುಟ್ಟಿನ ಮಾತು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಕರಿಮೆಣಸಿನ ರೇಟ್ ಕೇಳಿದರೆ ವಿಷಯ ಬದಲಿಸಿ, ಅಂಥದ್ದು.

ಹಳೇ_ಸುಬೇದಾರ್

ನನ್ನ ಹಳೆಯ ಮಾತು ವಾಪಸ್ ತಗೊಳ್ಳುವುದಿಲ್ಲ, ಹಿರಿಯರು ಇರಬೇಕು. ಆದರೆ ನನ್ನದೂ ಒಂದು ಪ್ರಶ್ನೆ. ನನ್ನ ಜೊತೆ ಸೇವೆಯಲ್ಲಿದ್ದ ಸ್ನೇಹಿತ, ರಿಟೈರ್ ಆದ ಮೇಲೆ ಬೆಳಿಗ್ಗೆಯಿಂದಲೇ ಕುಡಿತ ಶುರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳು ಹೊರದೇಶ. ಬಾಟಲಿ ಎಲ್ಲಾ ತೆಗೆದುಹಾಕಿ ನಾಳೆಯಿಂದ ಪೂರ್ತಿ ನಿಲ್ಲಿಸು ಅಂತ ಹೇಳೋಣ, ಆಮೇಲೆ ಯಾರಾದರೂ ಫೋನಿನಲ್ಲಿ ಬುದ್ಧಿ ಹೇಳಲಿ ಅಂತ ಇದ್ದೇನೆ.

ಮನೋಜ್ಞೆ_ಮೈಸೂರು

ದಯವಿಟ್ಟು ಹಾಗೆ ಮಾಡಬೇಡಿ. ದಿನವಿಡೀ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ನಡುಕ ಬಂದು ಬುದ್ಧಿ ತಪ್ಪಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಆಸ್ಪತ್ರೆ. ಅಲ್ಲಿ ಮಾತ್ರೆ ಕೊಟ್ಟು, ನೋಡಿಕೊಂಡು ನಿಲ್ಲಿಸುತ್ತಾರೆ. ಫೋನಿನ ಕೌನ್ಸೆಲಿಂಗ್, ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಕುಡಿತ ಬಿಡುವವರ ಗುಂಪಿನ ಸಭೆಗಳು ಆಮೇಲಿನ ಮಾತು. ಆ ಸಭೆಗಳು ಆನ್‌ಲೈನ್‌ನಲ್ಲೂ ನಡೆಯುತ್ತವೆ. ಅವರನ್ನು ಕರೆದುಕೊಂಡು ಹೋಗಲು ನಿಮ್ಮಂಥ ಸ್ನೇಹಿತ ಇರುವುದೇ ದೊಡ್ಡದು, ಸುಬೇದಾರರೇ.

ಕಾವೇರಿ_ಹಾಸ್ಟೆಲ್

ನಾನು ಡಿಗ್ರಿ ಓದುತ್ತಿದ್ದೇನೆ. ನಾವೆಲ್ಲ ಚಾಟ್‌ಜಿಪಿಟಿಗೇ ಹೇಳಿಕೊಳ್ಳುವುದು. ರಾತ್ರಿ ಒಂದಕ್ಕೂ ಉತ್ತರ ಕೊಡುತ್ತದೆ, ಪುಕ್ಕಟೆ. ಇದಕ್ಕೇನು ತೊಂದರೆ?

ಸೋಮವಾರಪೇಟೆ_ಹುಡುಗ

ನಾನೂ ಮಾಡಿ ನೋಡಿದ್ದೇನೆ. ಮನಸ್ಸಿನಲ್ಲಿದ್ದದ್ದನ್ನು ಜೋಡಿಸಿ ಬರೆಯಲು ಚೆನ್ನಾಗಿದೆ. ಆದರೆ ಅದು ನಮಗೆ ಜಾಸ್ತಿ ಹೌದೌದು ಅನ್ನುತ್ತದೆ. ನನ್ನ ಥೆರಪಿಸ್ಟ್ ನನಗೆ ಬೇಡವಾದ ಕೆಲಸವನ್ನೇ ಮಾಡಿಸಿದರು, ಮುಂದಿನ ವಾರ ಮಾಡಿದೆಯಾ ಅಂತ ಕೇಳಿದರು. ಮುಖ್ಯ ವ್ಯತ್ಯಾಸ ಅದು. ಮತ್ತೆ ನೀನು ಅಪಾಯದಲ್ಲಿದ್ದರೆ ಅದು ನಿನ್ನ ಹಾಸ್ಟೆಲ್ ಬಾಗಿಲು ತಟ್ಟುವುದಿಲ್ಲ. ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಾ ನೋಡು.

ಕಾವೇರಿ_ಹಾಸ್ಟೆಲ್

ಇದ್ದಾರೆ. ಆದರೆ ಅವರು ನಮ್ಮ ಚಿಕ್ಕಮ್ಮನ ಸ್ನೇಹಿತೆ 😅

ಇನ್ನೊಂದು ಕೇಳಬೇಕಿತ್ತು. ನನ್ನ ತಮ್ಮ ಸೇನೆ ಸೇರಲು ತಯಾರಿ ಮಾಡುತ್ತಿದ್ದಾನೆ. ಪರೀಕ್ಷೆ ಟೆನ್ಷನ್‌ಗೆ ಕೌನ್ಸೆಲಿಂಗ್ ತಗೊಂಡರೆ ಎಲ್ಲಾದರೂ ದಾಖಲಾಗಿ ತೊಂದರೆ ಆಗುತ್ತದಾ ಅಂತ ಹೆದರುತ್ತಾನೆ.

ಮನೋಜ್ಞೆ_ಮೈಸೂರು

ಥೆರಪಿಸ್ಟ್ ತಾವಾಗಿ ಸೇನೆಗಾಗಲಿ ಕಾಲೇಜಿಗಾಗಲಿ ಮಾಹಿತಿ ಕೊಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡುವ ಹಕ್ಕು ಕೊಡುತ್ತದೆ. ಯಾರದ್ದಾದರೂ ಜೀವಕ್ಕೆ ಅಪಾಯ, ಕೋರ್ಟ್ ಆದೇಶ, ಇಂಥ ಕೆಲವು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಪರೀಕ್ಷೆ ಒತ್ತಡದ ಬಗ್ಗೆ ಮಾತಾಡಿದ್ದಕ್ಕೆ ಕಾಯಿಲೆಯ ಹಣೆಪಟ್ಟಿ ಬರುವುದಿಲ್ಲ. ಕಾಯಿಲೆ ಅಂತ ಹೆಸರಿಟ್ಟು ಮಾತ್ರೆ ಶುರು ಮಾಡಿದರೆ ಅದು ಬೇರೆ. ಆಗ ವೈದ್ಯಕೀಯ ಫಾರ್ಮಿನಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು.

ಹಳೇ_ಸುಬೇದಾರ್

ಸರಿ ಹೇಳಿದರು. ಹುಡುಗನಿಗೆ ಓಟದ ಅಭ್ಯಾಸ ಬೇಕಾದರೆ ಮಡಿಕೇರಿಗೆ ಬರಲಿ. ಬೆಳಿಗ್ಗೆ ಆರಕ್ಕೆ ತಿಮ್ಮಯ್ಯ ಕ್ರೀಡಾಂಗಣದಲ್ಲಿ ನಾವು ನಾಲ್ಕೈದು ಜನ ಹಳಬರು ಇರುತ್ತೇವೆ, ಮಳೆ ಇಲ್ಲದ ದಿನ. ಸ್ನೇಹಿತನನ್ನು ಸೋಮವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬಾಟಲಿ ತರಲು ಬಳಸುವ ಅವನ ಸೇನೆಯ ಕ್ಯಾಂಟೀನ್ ಕಾರ್ಡ್ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡರೆ ತಪ್ಪಾ ಅಂತ ಡಾಕ್ಟರನ್ನೇ ಕೇಳುತ್ತೇನೆ.